ಅಕ್ಕನ ಟಿಪ್ಪಣಿಗಳಿದ್ದ ಜಾಗ

ಅಕ್ಕ ತೀರಿಕೊಂಡು ಎಂಟು ತಿಂಗಳಾದ ಮೇಲೆ ಅವಳ ಟೂಲನ್ನು ಹೊಸ ಫ್ರೇಮ್‌ವರ್ಕಿಗೆ ಸಾಗಿಸುವ ಕೆಲಸ ಬಂತು. ಬೇರೆಯವರಿಗೆ ಕೊಡಬೇಡಿ ಎಂದು ನಾನೇ ಕೇಳಿಕೊಂಡೆ.

ನಾವಿಬ್ಬರೂ ಹಾವೇರಿಯಲ್ಲಿ ಡಿಪ್ಲೊಮಾ ಓದಿದವರು. ಬ್ಯಾಡಗಿಯಿಂದ ದಿನಾ ರಾಣೆಬೆನ್ನೂರಿಗೆ ಹೋಗಿ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆವು. ಬೀಜದ ಗೋದಾಮುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಆಫೀಸು. ಅಲ್ಲಿನ ಕೋಡ್ ಯಾರು ಯಾರೋ ಬರೆದು ಬಿಟ್ಟುಹೋದದ್ದು. ಅದನ್ನು ಓದಲೆಂದೇ ಅಕ್ಕ ಈ ಟೂಲ್ ಮಾಡಿದ್ದಳು. ಎಡಕ್ಕೆ ಫೈಲುಗಳ ಪಟ್ಟಿ, ನಡುವೆ ಕೋಡ್, ಬಲಕ್ಕೆ ಆಯಾ ಸಾಲಿನ ಎದುರು ಅವಳ ಟಿಪ್ಪಣಿ. ಟಿಪ್ಪಣಿಗಳೆಲ್ಲ ಮನೆಯ ಮಾತಿನಲ್ಲೇ ಇದ್ದವು. "ತಂಗಿ, ಇದನ್ನ ಮುಟ್ಟಿದ್ರ ಇಡೀ ಗೋದಾಮು ಖಾಲಿ ತೋರಸ್ತೈತಿ. ಶಾಣ್ಯಾತನ ಮಾಡಬ್ಯಾಡ." ನನಗೆ ಕೋಡ್ ತಿಳಿಯುತ್ತಿದ್ದುದು ಅವುಗಳಿಂದಲೇ.

ಕಾಮಾಲೆಯಾಗಿ ಮೂರು ವಾರಕ್ಕೆ ಹೋಗಿಬಿಟ್ಟಳು.

ಟೂಲಿಗೆ ಬುನಾದಿಯಾಗಿದ್ದ ಹಳೆಯ ಫ್ರೇಮ್‌ವರ್ಕ್ ಹೊಸ ಕಂಪ್ಯೂಟರುಗಳಲ್ಲಿ ನಡೆಯುತ್ತಿರಲಿಲ್ಲ. ಒಂದೊಂದೇ ಭಾಗವನ್ನು ಹೊಸದರಲ್ಲಿ ಕಟ್ಟುತ್ತ ಹೋದೆ. ಟಿಪ್ಪಣಿಯ ಭಾಗವನ್ನು ಕೊನೆಗೆ ಇಟ್ಟುಕೊಂಡೆ, ಅದನ್ನು ಬೇಗ ಮುಗಿಸಲು ಮನಸ್ಸಿರಲಿಲ್ಲ. ಟಿಪ್ಪಣಿಗಳ ಫೈಲನ್ನು ಮಾತ್ರ ಅಕ್ಕನ ಕಂಪ್ಯೂಟರಿನಿಂದ ಮೊದಲೇ ತಂದು, ತೆರೆದು, ಎಲ್ಲವೂ ಇದೆಯೆಂದು ಸಮಾಧಾನಪಟ್ಟುಕೊಂಡೆ. ಅಲ್ಲಿ ಅದರ ಪಕ್ಕದಲ್ಲಿ ವಿಚಿತ್ರ ಹೆಸರಿನ ಇನ್ನೊಂದು ಸಣ್ಣ ಫೈಲಿತ್ತು. ಹಳೆಯ ಫ್ರೇಮ್‌ವರ್ಕ್ ತನ್ನ ಅನುಕೂಲಕ್ಕೆ ಮಾಡಿಕೊಂಡದ್ದಿರಬೇಕೆಂದು ಅಲ್ಲೇ ಬಿಟ್ಟೆ. ಅಕ್ಕನ ಕಂಪ್ಯೂಟರನ್ನು ನಾನೇ ಪೂರ್ತಿ ಅಳಿಸಿ, ಬೇರೆ ಕೆಲಸಕ್ಕೆಂದು ಕೊಟ್ಟೆ.

ಯಾವ ಟಿಪ್ಪಣಿ ಯಾವ ಸಾಲಿನದು ಎಂಬುದು ಆ ಸಣ್ಣ ಫೈಲಿನಲ್ಲಿತ್ತು. ಇನ್ನೆಲ್ಲೂ ಇರಲಿಲ್ಲ.

ಈಗ ನಾನೂರಕ್ಕೂ ಹೆಚ್ಚು ಟಿಪ್ಪಣಿಗಳು ಒಂದರ ಕೆಳಗೊಂದು ರಾಶಿ ಬಿದ್ದಿವೆ. ಒಂದರಲ್ಲಿ "ಇದು ತಪ್ಪೈತಿ, ಸೋಮವಾರ ನೋಡ್ತೇನಿ" ಎಂದಿದೆ. ಯಾವುದು ತಪ್ಪು? ಕೆಲವು ವಾರ ಒಂದೊಂದನ್ನೇ ಹಿಡಿದು ಅದರ ಜಾಗ ಹುಡುಕಿದೆ. ಗೋದಾಮಿನ ಟಿಪ್ಪಣಿಯನ್ನು ಮೂರು ಕಡೆ ಇಟ್ಟು ನೋಡಿದೆ. ಮೂರೂ ಸರಿಯೆನಿಸಿದವು. ಹೇಳುವವಳು ಇರಲಿಲ್ಲ.

ಆಫೀಸಿನ ಮಾಲೀಕರು ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ನಮ್ಮೊಡನೆ ಕೂತವರು. ಹೊಸ ಟೂಲ್ ನೋಡಿ, "ಚಲೋ ಆತವಾ, ಲಗೂ ತೆರೀತೈತಿ," ಎಂದರು. ಆಮೇಲೆ ಪರದೆಯ ಬಲಗಡೆಗೆ ಬೆರಳು ಮಾಡಿ, "ಇಲ್ಲ್ಯಾಕ ಖಾಲಿ? ತಗದುಬಿಡು, ಕೋಡ್ ಅಗಲಾಗಿ ಕಾಣ್ತೈತಿ," ಎಂದರು.

ನಾನು ಅಳಿಸಿದ್ದನ್ನು ಅವರಿಗೆ ಹೇಳದೆ ಹೂಂ ಅಂದೆ. ತೆಗೆದೆ. ಹತ್ತು ನಿಮಿಷದ ಕೆಲಸ.

ಸಂಜೆ ಮನೆಗೆ ಬಂದಾಗ ಅವ್ವ ಕೇಳಿದಳು.

"ಅಕ್ಕನ ಕೆಲಸ ಮುಗೀತೇನು?"

"ಮುಗೀತು."

"ಆಕಿ ಬರದದ್ದು ಎಲ್ಲಾ ಐತಿಲ್ಲೋ?"

"ಎಲ್ಲಾ ಐತಿ ಬೇ," ಅಂದೆ. ತೋರಿಸು ಎಂದು ಅವಳು ಕೇಳಲಿಲ್ಲ.