ಮೀನುಪೇಟೆಯ ಖಾಲಿ ದೋಣಿ

ಸಂತೆಗುಳಿ ಕಡೆ ಮದುವೆಮನೆಗಳ ಗೋಡೆಗೆ ಹಸೆ ಚಿತ್ರ ಬರೆದು ಕೈ ಕುದುರಿದವಳು ನಾನು. ಆಮೇಲೆ ಬಸ್‌ಸ್ಟ್ಯಾಂಡು, ಶಾಲೆ, ಆಸ್ಪತ್ರೆ ಅಂತ ಊರೂರಿನ ಗೋಡೆಗೆ ಬರೆದೆ. ಹೊನ್ನಾವರದ ಮೀನುಪೇಟೆ ಕಟ್ಟಡದ ಒಳಗೋಡೆಗೆ ಒಂದು ದೊಡ್ಡ ದೋಣಿ ಬರೆದೆ. ಅದರೊಳಗೆ ಏನೂ ಹಾಕಲಿಲ್ಲ. ಖಾಲಿ ಇದ್ದರೇ ಚಂದ ಅಂತ ನನಗೆ ಕಂಡಿತ್ತು.

ಬೆಳಿಗ್ಗೆ ಮೀನು ಮಾರುವ ಹೆಂಗಸರು ಬಂದವರು ಗೋಡೆ ನೋಡಿ ಬುಟ್ಟಿ ಇಳಿಸಲೇ ಇಲ್ಲ.

"ಎಂತ ಅಮ್ಮ ಇದು? ನಮ್ಮ ಗಂಡಂದಿರು ಬರಿಗೈಲಿ ಬರ್ಲಿ ಅಂತ ಬರೆದ್ಯಾ? ಇದರ ಕೆಳಗೆ ಕೂತು ಎಂತ ಮಾರೂದು, ನಿನ್ನ ತಲೆಯಾ?" ಅಂದಳು ಒಬ್ಬಳು.

ಎಲ್ಲರೂ ಹೊರಗೆ ಬಿಸಿಲಲ್ಲಿ ಹೋಗಿ ಕೂತರು. ಗಿರಾಕಿಗಳು ಅತ್ತ ಸುಳಿಯಲಿಲ್ಲ.

ನನಗೆ ಸಿಟ್ಟು ಬಂತು. ಆದರೆ ಅವರ ಮೀನು ಹಾಳಾಗ್ತಾ ಇತ್ತು. ದೋಣಿ ತುಂಬ ಬಂಗಡೆ ಬರೆಯಲು ಶುರುಮಾಡಿದೆ.

"ಬಂಗಡೆ ಒಂದೇಯಾ? ನಾ ಮಾರೂದು ಸಿಗಡಿ" ಅಂದಳು ಇನ್ನೊಬ್ಬಳು.

"ಹಂಗಾರೆ ನೀನೇ ಬರಿ" ಅಂತ ಬ್ರಶ್ಶು ಅವಳ ಕೈಗೆ ಕೊಟ್ಟೆ.

ಒಬ್ಬೊಬ್ಬರಾಗಿ ಎಲ್ಲರೂ ತಂತಮ್ಮ ಮೀನು ಬರೆದರು. ಸಿಗಡಿ ಚೇಳಿನ ಹಾಗೆ ಬಂತು. ನನ್ನ ಚಿತ್ರ ಪೂರ್ತಿ ಕೆಟ್ಟಿತು. ಬಣ್ಣ ಒಣಗುವ ಮೊದಲೇ ಅವರು ಬುಟ್ಟಿ ಒಳಗೆ ತಂದು, ಚಿತ್ರಕ್ಕೆ ಬೆನ್ನು ಹಾಕಿ ಕೂತು, ಕೂಗಿ ಕೂಗಿ ಮಾರತೊಡಗಿದರು.