ಮಾವನವರ ತಂಬಿಗೆ ಪಾದೋದಕ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮಾವನವರ ಎರಡೂ ಕಿಡ್ನಿ ಕೆಟ್ಟು, ತೇರಗಾಂವದಿಂದ ವಾರಕ್ಕೆ ಎರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕಾಯಿತು. ನನ್ನ ಗಂಡನಿಗೆ ಹೊಲ, ಅತ್ತೆಗೆ ಮೊಣಕಾಲು ನೋವು. ಹಾಗಾಗಿ ಜೊತೆಗೆ ಹೋಗುವವಳು ನಾನೇ. ಬಸ್ಸಿನಲ್ಲಿ ಮಾವನವರಿಗೆ ಕಿಟಕಿ ಪಕ್ಕ ಜಾಗ ಸಿಕ್ಕರೆ ಅದೇ ಆ ದಿನದ ದೇವರ ಕೃಪೆ ಅಂದುಕೊಳ್ಳುತ್ತಿದ್ದೆ. ಯಂತ್ರ ರಕ್ತ ತೊಳೆಯುವಾಗ ಮಾವ ಪಕ್ಕದ ಮಂಚದವರಿಗೆ, "ಹುಟ್ಟಿದಾಗಿಂದ ನಾ ಇಷ್ಟು ಸ್ವಚ್ಛ ಆಗಿದ್ದಿಲ್ಲ ನೋಡ್ರಿ" ಅನ್ನುತ್ತಿದ್ದರು.

ಪೇಚಾಟವಿದ್ದದ್ದು ನೀರಿನದು. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಅಳತೆ ಮೀರಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ದಿನದ ನೀರನ್ನು ಸಣ್ಣ ಚಂಬಿನಲ್ಲಿ ಅಳೆದಿಡುತ್ತಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ಕೊಡ ಕಾಯುತ್ತಿದ್ದರು. ಆದರೂ ಆಸ್ಪತ್ರೆಯ ತಕ್ಕಡಿ ಪ್ರತಿ ಸಲ ಹೆಚ್ಚೇ ತೋರಿಸುತ್ತಿತ್ತು. ಕಾಲು ಬಾತು ಚಪ್ಪಲಿಯೂ ಹಿಡಿಸದಂತಾಯಿತು. ಒಂದು ದಿನ ಡಾಕ್ಟರು ನನ್ನನ್ನು ಕರೆದು, "ಇನ್ನೊಮ್ಮೆ ಹಿಂಗ ನೀರು ತುಂಬಿಕೊಂಡು ಬಂದ್ರ ಜೀವಕ್ಕ ಭರವಸಾ ಇಲ್ರಿ" ಎಂದರು. ನಾನು ಮಾವನವರ ಕಡೆ ತಿರುಗಿದೆ. ಮಾವ ಮಾತ್ರ ಹಣೆಯ ವಿಭೂತಿ ಮುಟ್ಟಿ, "ಅಳತಿ ದಾಟಿ ಒಂದ ಗುಟುಕು ನೀರು ಕುಡದಿಲ್ಲವಾ" ಎಂದು ಆಣೆ ಮಾಡಿದರು. ಅವರು ಸುಳ್ಳು ಹೇಳುವವರೂ ಅಲ್ಲ.

ನಾವು ಮಾತ್ರೆ ತರುತ್ತಿದ್ದದ್ದು ಹಳಿಯಾಳದ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಔಷಧಿ ಅಂಗಡಿಯಿಂದ. ಅಂಗಡಿಯ ಸಾಬರು ಮಾತ್ರೆ ಕೊಟ್ಟು ಕೈತೊಳೆದುಕೊಳ್ಳುವವರಲ್ಲ. ಬೆಂಚಿನ ಮೇಲೆ ಕೂರಿಸಿ, ಯಾವುದನ್ನು ಯಾವಾಗ ಹೇಗೆ ತಗೊಳ್ಳಬೇಕೆಂದು ತಿಳಿಸಿ, ನಮ್ಮ ಬಾಯಿಂದ ತಿರುಗಿ ಹೇಳಿಸಿಯೇ ಬಿಡುವವರು. ಅವತ್ತು ಹುಬ್ಬಳ್ಳಿಯಿಂದ ಮರಳುವಾಗಲೂ ಕೂರಿಸಿದರು.

"ಊಟದ ಜೊತಿ ಅಗಿಯೂ ಮಾತ್ರಿ ತಗೋತೀರಿಲ್ರಿ, ಯಜಮಾನ್ರ?"

"ಸುಣ್ಣದ ಗ್ವಾಡಿ ನೆಕ್ಕಿದಂಗ ಆಗ್ತೈತ್ರಿ."

"ಉಪ್ಪಿನಕಾಯಿ ಬಿಟ್ಟೀರಲ್ಲ, ಆ ಜಾಗಾದಾಗ ಇದನ್ನ ಇಟ್ಕೋರಿ. ರೊಟ್ಟಿ ಒಂದ ತುತ್ತು, ಗ್ವಾಡಿ ಒಂದ ಚೂರು."

ಆಮೇಲೆ ಅವರ ಕಣ್ಣು ಮಾವನವರ ಕಾಲಿನ ಮೇಲೆ ಬಿತ್ತು. "ಎದ್ದಾಗಿಂದ ಮಲಗೂತನಕಾ ಬಾಯಾಗ ಏನೇನು ಹೋಗ್ತೈತಿ, ಹೇಳ್ರಿ ನೋಡೂಣು."

ಮಾವ ಶುರುಮಾಡಿದರು. "ಎದ್ದು ಜಳಕಾ, ಲಿಂಗಪೂಜಿ, ಪಾದೋದಕ. ಆಮ್ಯಾಲೆ ಅರ್ಧಾ ಕಪ್ ಚಾ. ಮತ್ತ ಪೂಜಿ, ಪಾದೋದಕ. ಊಟಾ. ಪೂಜಿ, ಪಾದೋದಕ…"

"ದಿನಕ್ಕ ಎಷ್ಟು ಸಲ ಪೂಜೀರಿ?"

"ನೀರಡಿಕಿ ಆದಾಗೆಲ್ಲ."

ನನಗೆ ಆಗ ಹೊಳೆಯಿತು. ಕಾಯಿಲೆ ಬಂದಮೇಲೆ ಮಾವ ಹೊತ್ತು ಹೊತ್ತಿಗೆ ಅಂಗೈಯಲ್ಲಿ ಲಿಂಗ ಹಿಡಿದು ಕೂರುವುದನ್ನು ಕಂಡು, "ನಮ್ಮನಿಯವರಿಗೆ ಈಗ ಖರೇ ಭಕ್ತಿ ಬಂದೈತಿ" ಎಂದು ಅತ್ತೆ ಓಣಿಯೆಲ್ಲ ಹೇಳಿಕೊಂಡು ಬಂದಿದ್ದರು. ಲಿಂಗಕ್ಕೆ ಎರೆದ ನೀರು ಪಾದೋದಕ, ಅದನ್ನು ಚೆಲ್ಲಬಾರದು, ತಾವೇ ಸೇವಿಸಬೇಕು. ಪೂಜೆಯ ತಂಬಿಗೆ ತುಂಬಿ ಕೊಡುತ್ತಿದ್ದವಳು ನಾನು, ಅದೂ ಬಲು ಸಂತೋಷದಿಂದ!

"ಮಾವಾರ, ಅದೂ ನೀರ ಅಲ್ಲೇನ್ರಿ?" ಎಂದೆ.

"ತಿಳಿದಾಕಿ ಹಿಂಗ ಮಾತಾಡ್ತೀಯಲ್ಲವಾ! ಬಾವ್ಯಾಗ ಇದ್ದಾಗ ಅದು ನೀರು. ಲಿಂಗದ ಮ್ಯಾಲೆ ಬಿದ್ದಮ್ಯಾಲೆ ಪಾದೋದಕ. ಡಾಕ್ಟರ್ ನೀರು ಬ್ಯಾಡ ಅಂದಾರ. ಪಾದೋದಕ ಬ್ಯಾಡ ಅಂದಾರೇನು?"

ನಾನೂ ಲಿಂಗ ಕಟ್ಟಿಕೊಂಡವಳು. ಪಾದೋದಕ ಬರೀ ನೀರು ಎಂದು ಯಾವ ಬಾಯಲ್ಲಿ ಹೇಳಲಿ? ಹೇಳದಿದ್ದರೆ ಮಾವ ಉಳಿಯುವುದಿಲ್ಲ. ಸಾಬರ ಮುಖ ನೋಡಿದೆ. ಅವರು ನಗಲಿಲ್ಲ. ಗಡ್ಡ ಕೆರೆದುಕೊಂಡರು.

"ಯಜಮಾನ್ರ, ಪಾದೋದಕಾ ಉಗುಳಬಹುದೇನ್ರಿ?"

"ಛೇ ಛೇ! ಪಾಪ ಹತ್ತತೈತಿ."

"ಬರೇ ನೀರು?"

"ಅದನ್ನ ಎಲ್ಲಿ ಬೇಕಾದ್ರೂ ಉಗುಳ್ರಿ, ಯಾರು ಕೇಳ್ತಾರ."

"ಮತ್ತೇನ್ರಿ! ನೀರಡಿಕಿಗೆ ಬರೇ ನೀರು. ಬಾಯಿ ತುಂಬ ಹಾಕ್ಕೋರಿ, ಮುಕ್ಕಳಿಸಿ ಉಗುಳ್ರಿ. ರೋಜಾ ಉಪವಾಸ ಇದ್ದಾಗ ನಾವು ಹಂಗ ಮಾಡ್ತೀವಿ, ಗಂಟಲಿನಾಗ ಹನಿ ಇಳಿಯಂಗಿಲ್ಲ. ಪಾದೋದಕಾ ಉಗುಳಾಕ ಬರೂದಿಲ್ಲ, ಅದಕ್ಕ ನಿಮ್ಮ ಸ್ವಾಮಿಗಳು ಎಷ್ಟು ತಗೋ ಅಂದಾರ, ಅಷ್ಟ ತಗೋರಿ. ಎಷ್ಟು ಅಂದಾರ್ರಿ?"

ಮಾವ ಬಸ್ಸಿನ ಕಡೆ ನೋಡುತ್ತ ಮೆಲ್ಲಗೆ, "ಮೂರು ಹನಿ" ಎಂದರು.

"ತಂಬಿಗಿ ಎಲ್ಲಿಂದ ಬಂತ್ರಿ?"

"ಭಕ್ತಿ ಸ್ವಲ್ಪ ಹೆಚ್ಚಾತ್ರಿ."

ಅಲ್ಲಿಂದ ನಮ್ಮ ಅಂಗಳದಲ್ಲಿ ಮುಕ್ಕಳಿಸುವ ಸಪ್ಪಳವೇ ಸಪ್ಪಳ. ಮಾವ ಕಟ್ಟೆಯ ಮೇಲೆ ನಿಂತು ದಾಸವಾಳದ ಬುಡಕ್ಕೆ ಗುರಿಯಿಟ್ಟು ಉಗುಳುವುದನ್ನು ಕಲಿತರು. ಪಕ್ಕದ ಮನೆಯ ಕೋಳಿಗಳು ನಮ್ಮ ಅಂಗಳಕ್ಕೆ ಬರುವುದನ್ನೇ ಬಿಟ್ಟವು. ಅದೂ ಒಂದು ಕೃಪೆಯೇ, ಅಲ್ಲಿ ಒಣಹಾಕಿದ ನನ್ನ ಹಪ್ಪಳ ಉಳಿದವು.

ಮುಂದಿನ ಸಲ ತಕ್ಕಡಿಯ ಮುಳ್ಳು ಕೆಳಗಿತ್ತು. ಡಾಕ್ಟರು ಎರಡನೇ ಸಲ ತೂಕ ಮಾಡಿಸಿದರು. ಅಲ್ಲಿದ್ದ ನರ್ಸಮ್ಮ, "ಏನ್ ಮಾಡಿದ್ರಿ ಅಜ್ಜಾರ?" ಎಂದರು. ನಾನು ಸಾಬರ ಉಪಾಯ ಹೇಳಿದೆ. "ಔಷಧಿ ಅಂಗಡಿಯವರು ಛಲೋ ತಿಳಿಸಿ ಹೇಳ್ತಾರೇನು? ನಿಮಗ ಸಮಾಧಾನ ಐತಿಲ್ಲ?" ಎಂದು ಕೇಳಿದರು.

"ಭಾಳ ಸಮಾಧಾನ ಐತ್ರಿ. ಗುಟುಕು ಒಂದ ಬಿಟ್ಟು ಎಲ್ಲಾ ಕೊಟ್ಟಾರ" ಎಂದರು ಮಾವ.

ಆ ಸಂಜೆ ಮಾವ ಪೂಜೆಗೆ ಕೂತು, ಮೂರು ಹನಿ ನಾಲಿಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಎದ್ದು ಬರುವಾಗ ಅತ್ತೆ ಕೇಳಿದರು: "ಇಡೀ ದಿನಕ್ಕ ಇದೊಂದ ಪೂಜಿ ಏನ್ರಿ? ಭಕ್ತಿ ಇಳೀತೇನು?"

"ಭಕ್ತಿ ಅಲ್ಲೇ ಐತಿ. ಕಾಲು ಇಳದಾವ" ಎಂದು ಮಾವ ಬಾಗಿಲ ಬಳಿ ಹೋಗಿ, ಎಷ್ಟೋ ದಿನದಿಂದ ಮೂಲೆಯಲ್ಲಿದ್ದ ಚಪ್ಪಲಿಯೊಳಗೆ ಕಾಲು ತೂರಿಸಿ, ಅಂಗಳದ ತುಂಬ ಚಟಚಟ ಸಪ್ಪಳ ಮಾಡುತ್ತ ಒಂದು ಸುತ್ತು ಹಾಕಿದರು.