ಅನ್ನ ಬಿಟ್ಟವರ ಶುಗರ್ ರಿಪೋರ್ಟ್

ಫ್ರೆಂಡ್ಸ್, ಅಕ್ಕಿ ರೊಟ್ಟಿ ಅಕ್ಕಿಯಿಂದಲೇ ಮಾಡೋದು ತಾನೇ? ಯಾರಾದ್ರೂ ನಮ್ಮ ಯಜಮಾನರಿಗೆ ಹೇಳ್ರಪ್ಪಾ.

ಇವತ್ತು ಬೆಳಿಗ್ಗೆ ಮೂಡಲಪಾಳ್ಯದ ಕ್ಲಿನಿಕ್‌ನಲ್ಲಿ ಇವರ ರಿಪೋರ್ಟ್ ನೋಡಿ ಡಾಕ್ಟರಮ್ಮ, "ಏನ್ ಸಾರ್, ಶುಗರ್ ಹೋದ ಸಲಕ್ಕಿಂತ ಜಾಸ್ತಿ ಆಗಿದೆಯಲ್ಲ?" ಅಂದ್ರು.

"ಸಾಧ್ಯವೇ ಇಲ್ಲ ಮೇಡಂ. ನಾನು ಅನ್ನ ಮುಟ್ಟಿ ಒಂದು ತಿಂಗಳಾಯ್ತು!"

ಅದು ನಿಜ. ಪಾರ್ಕಿನ ವಾಕಿಂಗ್ ಗೆಳೆಯರು ಅನ್ನ ಅಂದ್ರೆ ವಿಷ ಅಂತ ತಲೆಗೆ ತುಂಬಿದಾಗಿನಿಂದ ಮನೇಲಿ ಕುಕ್ಕರ್ ಕೂಗಿದ್ರೂ ಭಾಷಣ, ಮಗಳು ಮೊಸರನ್ನ ಕಲಸಿಕೊಂಡ್ರೂ ಭಾಷಣ.

ಡಾಕ್ಟರಮ್ಮ ನನ್ನ ಕಡೆ ತಿರುಗಿದ್ರು. "ಮತ್ತೆ ಏನ್ ತಿಂತಾರಮ್ಮ?"

"ಬೆಳಿಗ್ಗೆ ಆರು ಇಡ್ಲಿ. ಮಧ್ಯಾಹ್ನ ಮೂರು ಅಕ್ಕಿ ರೊಟ್ಟಿ. ಸಂಜೆ ಒಗ್ಗರಣೆ ಅವಲಕ್ಕಿ. ರಾತ್ರಿ ದೋಸೆ."

"ಅದೆಲ್ಲಾ ತಿಂಡಿ ಕಣೇ!" ಅಂತ ಅಲ್ಲೇ ರೇಗಿದ್ರು ಇವರು. "ಅದರಲ್ಲಿ ಅನ್ನ ಎಲ್ಲಿದೆ?"

ಡಾಕ್ಟರಮ್ಮ ಪಾಪ, ಚೀಟಿ ಹಿಂದೆ ತಟ್ಟೆಯ ಚಿತ್ರ ಬರೆದು ತೋರಿಸಿದ್ರು. "ಅರ್ಧ ತಟ್ಟೆ ಪಲ್ಯ, ಸೊಪ್ಪು. ಕಾಲು ಭಾಗ ಕಾಳು. ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ, ಯಾವುದಾದ್ರೂ ಒಂದು. ಅನ್ನ ವಿಷ ಅಲ್ಲ ಸಾರ್, ಅಳತೆ ಮುಖ್ಯ."

ಇವರು ಜಾಣ ಹುಡುಗನ ಹಾಗೆ ತಲೆಯಾಡಿಸಿದ್ರು.

ಮಧ್ಯಾಹ್ನ ಹಾಗೇ ಬಡಿಸಿದೆ. ಅನ್ನಾನ ಪಕ್ಕಕ್ಕೆ ತಳ್ಳಿ, ಹುರುಳಿಕಾಯಿ ಪಲ್ಯದ ಗುಡ್ಡೆ ನೋಡಿ, "ಬರೀ ಪಲ್ಯಾನ ಇಷ್ಟೊಂದು ಹೇಗೆ ತಿನ್ನೋದು? ನಂಜ್ಕೊಳ್ಳೋಕೆ ಎರಡು ಅಕ್ಕಿ ರೊಟ್ಟಿ ತಟ್ಟು" ಅಂದ್ರು.

ಪಲ್ಯ ನಂಜ್ಕೊಂಡು ರೊಟ್ಟಿ ತಿನ್ನೋರನ್ನ ನೋಡಿದ್ದೆ. ರೊಟ್ಟಿ ನಂಜ್ಕೊಂಡು ಪಲ್ಯ ತಿನ್ನೋರನ್ನ ಕಟ್ಕೊಂಡಿದೀನಿ ಅಂತ ಇವತ್ತೇ ಗೊತ್ತಾಗಿದ್ದು.